ಮನೆಯಲ್ಲಿರುವುದೇ ಒಂದು ಫೋನು: ಪ್ರೈಮರಿ ಮಕ್ಕಳ ಆನ್‌ಲೈನ್ ಸುರಕ್ಷತೆಗೆ ಮುಂಬೈ ಪಾಲಕರ ಕೈಪಿಡಿ

ಮಕ್ಕಳ ಆನ್‌ಲೈನ್ ಸುರಕ್ಷತೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮಗುವಿಗೆ ಅದರದ್ದೇ ಟ್ಯಾಬ್ ಇದೆ, ಅದರದ್ದೇ ಕೋಣೆ ಇದೆ, ಸಂಜೆ ಐದಕ್ಕೆಲ್ಲ ಅಪ್ಪ-ಅಮ್ಮ ಮನೆಗೆ ಬಂದಿರುತ್ತಾರೆ ಎಂದುಕೊಂಡು ಬರೆದಂಥವು. ಡೊಂಬಿವಲಿಯಿಂದ ಬೆಳಿಗ್ಗೆ ಏಳರ ಲೋಕಲ್ ಹಿಡಿದು ರಾತ್ರಿ ಎಂಟೂವರೆಗೆ ಮನೆ ಸೇರುವವರಿಗೆ, ಒನ್ ರೂಮ್ ಕಿಚನ್‌ನಲ್ಲಿ ಐದು ಜನ ಇರುವವರಿಗೆ ಅವು ಅಷ್ಟಾಗಿ ಹೊಂದುವುದಿಲ್ಲ. ನಮ್ಮ ಮುಂಬೈ ಕನ್ನಡಿಗರ ಮನೆಗಳಲ್ಲಿ ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ ಮಕ್ಕಳ ಕೈಗೆ ಸಿಗುವುದು ಸಾಮಾನ್ಯವಾಗಿ ಅಪ್ಪನ ಅಥವಾ ಅಮ್ಮನ ಫೋನು. ಬ್ಯಾಂಕು, ಯುಪಿಐ, ಆಫೀಸಿನ ಗ್ರೂಪು, ಊರಿನ ಗ್ರೂಪು, ಟ್ಯೂಷನ್ ಟೀಚರ್ ಕಳಿಸಿದ ಹೋಮ್‌ವರ್ಕ್ ಎಲ್ಲವೂ ಅದರಲ್ಲೇ. ಹಾಗಾಗಿ ಮೊದಲು ಸರಿಮಾಡಬೇಕಾದ್ದು ನಿಮ್ಮ ಫೋನನ್ನು. ಮಗುವಿಗೆ ಬುದ್ಧಿ ಹೇಳುವುದು ಆಮೇಲೆ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೂತರೆ ಕೆಳಗಿನ ಮೊದಲ ನಾಲ್ಕು ಹಂತಗಳು ಮುಗಿಯುತ್ತವೆ. ಫೋನಿನ ಕಂಪನಿ, ಮಾಡೆಲ್ ನೋಡಿಕೊಂಡು ಮೆನುಗಳ ಹೆಸರು ಸ್ವಲ್ಪ ಹಿಂದೆಮುಂದೆ ಇರಬಹುದು. ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಜಾಗದಲ್ಲಿ ಹೆಸರು ಬರೆದರೆ ಸಿಗುತ್ತದೆ.

ಹಂತ 1: ದುಡ್ಡಿನ ದಾರಿ ಮುಚ್ಚಿ

ಮಕ್ಕಳಿಗೆ ಯುಪಿಐ ಪಿನ್ ಗೊತ್ತಿಲ್ಲ ಎಂದು ನೀವು ಅಂದುಕೊಂಡಿದ್ದರೆ ಒಮ್ಮೆ ಕೇಳಿ ನೋಡಿ. ತರಕಾರಿಯವನ ಮುಂದೆ, ರಿಕ್ಷಾದಲ್ಲಿ, ವಡಾಪಾವ್ ಗಾಡಿಯ ಹತ್ತಿರ ದಿನಾ ನಿಮ್ಮ ಬೆರಳು ಎಲ್ಲೆಲ್ಲಿ ಹೋಗುತ್ತದೆ ಎಂದು ಪಕ್ಕದಲ್ಲೇ ನಿಂತು ನೋಡುವವರು ಅವರು. ಪಿನ್ ಬದಲಿಸಿ, ಅದು ಮಗುವಿನ ಹುಟ್ಟಿದ ತಾರೀಕು ಆಗದಿರಲಿ. ಪಿನ್ ಇಲ್ಲದೆಯೂ ದುಡ್ಡು ಹೋಗುವ ಎರಡು ದಾರಿಗಳಿವೆ. ಒಂದು ಯುಪಿಐ ಲೈಟ್: ಅದರಲ್ಲಿ ಒಂದು ಬಾರಿಗೆ 1,000 ರೂಪಾಯಿವರೆಗಿನ ಪಾವತಿಗೆ ಪಿನ್ ಕೇಳುವುದಿಲ್ಲ, ಒಟ್ಟು 5,000 ರೂಪಾಯಿವರೆಗೆ ಅದರೊಳಗೆ ಇಟ್ಟುಕೊಳ್ಳಬಹುದು. ಮಗು ಫೋನು ಬಳಸುವ ಮನೆಯಲ್ಲಿ ಅದನ್ನು ಬಂದ್ ಮಾಡುವುದೇ ಒಳ್ಳೆಯದು, ಇಲ್ಲವೇ ಇನ್ನೂರು-ಮುನ್ನೂರಕ್ಕಿಂತ ಹೆಚ್ಚು ಇಡಬೇಡಿ. ಇನ್ನೊಂದು ಆಟೋಪೇ: ಒಮ್ಮೆ ಒಪ್ಪಿಗೆ ಕೊಟ್ಟರೆ ಮುಂದಿನ ಕಂತುಗಳು ತಾವಾಗಿಯೇ ಕಡಿತವಾಗುತ್ತವೆ. ಯುಪಿಐ ಆ್ಯಪಿನಲ್ಲಿ ‘ಆಟೋಪೇ’ ಅಥವಾ ‘ಮ್ಯಾಂಡೇಟ್ಸ್’ ತೆರೆದು, ಗುರುತು ಸಿಗದ ಆಟ, ಕಾರ್ಟೂನು, ಸ್ಟಿಕ್ಕರ್ ಆ್ಯಪುಗಳೇನಾದರೂ ಇದ್ದರೆ ರದ್ದು ಮಾಡಿ.

ಆಮೇಲೆ ಪ್ಲೇ ಸ್ಟೋರ್. ಮೇಲಿನ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ‘ಪರ್ಚೇಸ್ ವೆರಿಫಿಕೇಶನ್’ ಅನ್ನು ಪ್ರತಿ ಸಲ ಕೇಳುವಂತೆ ಇಡಿ. ಅಲ್ಲೇ ‘ಫ್ಯಾಮಿಲಿ’ ವಿಭಾಗದಲ್ಲಿ ‘ಪೇರೆಂಟಲ್ ಕಂಟ್ರೋಲ್ಸ್’ ಇದೆ, ಅದಕ್ಕೆ ಬೇರೆಯದೇ ಪಿನ್ ಕೊಡಿ. ಪ್ರತಿ ಸಲ ಕೇಳುವುದು ಕಿರಿಕಿರಿ ಎನ್ನುತ್ತಾರೆ ಕೆಲವರು. ಇರಲಿ, ಆ ಕಿರಿಕಿರಿ ನಮ್ಮ ಪರವಾಗಿಯೇ ಇದೆ.

ಫೋನನ್ನು ಮಗುವಿನ ಕೈಗೆ ಕೊಡುವಾಗ ಒಂದೇ ಆ್ಯಪು ತೆರೆದಿರುವಂತೆ ಮಾಡಲೂ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಅಥವಾ ‘ಸ್ಕ್ರೀನ್ ಪಿನ್ನಿಂಗ್’ ಚಾಲೂ ಮಾಡಿ, ಹೊರಬರಲು ಪಿನ್ ಕೇಳುವ ಆಯ್ಕೆಯನ್ನೂ ಒತ್ತಿ. ಐಫೋನ್‌ನಲ್ಲಿ ಇದೇ ಕೆಲಸಕ್ಕೆ ‘ಗೈಡೆಡ್ ಆ್ಯಕ್ಸೆಸ್’ ಇದೆ. ಲೋಕಲ್‌ನಲ್ಲಿ ಪುಟ್ಟ ಮಗು ಹಟ ಮಾಡಿದಾಗ ಕಾರ್ಟೂನು ಹಾಕಿಕೊಟ್ಟು ಬೇರೆ ಕಡೆ ನೋಡುವ ಸಂದರ್ಭಕ್ಕೆ ಇದಕ್ಕಿಂತ ಅನುಕೂಲದ್ದು ನಾನು ಕಂಡಿಲ್ಲ.

ಹಂತ 2: ವಾಟ್ಸ್‌ಆ್ಯಪ್

ವಾಟ್ಸ್‌ಆ್ಯಪ್‌ನ ಮಾಮೂಲಿ ಖಾತೆಗೆ ಕನಿಷ್ಠ ವಯಸ್ಸು 13. ಆದರೆ ನಿಮ್ಮ ಖಾತೆಯೊಳಗೆ ಎಂಟು ವರ್ಷದ ಮಗು ದಿನಾ ಓಡಾಡುತ್ತಿರುತ್ತದೆ. ‘ಪ್ರೈವೆಸಿ’ಯಲ್ಲಿ ‘ಗ್ರೂಪ್ಸ್’ ತೆರೆದು, ನಿಮ್ಮ ಕಾಂಟ್ಯಾಕ್ಟ್‌ನಲ್ಲಿರುವವರು ಮಾತ್ರ ಸೇರಿಸುವಂತೆ ಇಡಿ. ‘ಕಾಲ್ಸ್’ನಲ್ಲಿ ಅಪರಿಚಿತ ನಂಬರಿನ ಕರೆ ಸದ್ದು ಮಾಡದಂತೆ ಮಾಡಿ. ‘ಸ್ಟೋರೇಜ್ ಅಂಡ್ ಡೇಟಾ’ದಲ್ಲಿ ಚಿತ್ರ, ವಿಡಿಯೊ ತಾನಾಗಿಯೇ ಇಳಿಯುವುದನ್ನು ನಿಲ್ಲಿಸಿ. ಮಕ್ಕಳು ಮೊದಲ ಸಲ ನೋಡಬಾರದ್ದನ್ನು ನೋಡುವುದು ಎಷ್ಟೋ ಸಲ ಇಂಟರ್‌ನೆಟ್ ಹುಡುಕಿ ಅಲ್ಲ, ಅಪ್ಪನ ದೋಸ್ತರ ಗ್ರೂಪಿನಿಂದ ಗ್ಯಾಲರಿಗೆ ಬಂದು ಬಿದ್ದದ್ದರಲ್ಲಿ. ಅಂಥ ಗ್ರೂಪು ಬಿಡಲು ಮನಸ್ಸಿಲ್ಲದಿದ್ದರೆ ಕನಿಷ್ಠ ‘ಚಾಟ್ ಲಾಕ್’ ಹಾಕಿ. ಬಿಟ್ಟರೆ ಇನ್ನೂ ಚೆನ್ನ.

ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳು ಅಮ್ಮಂದಿರ ನಂಬರಿನಲ್ಲೇ ತಮ್ಮ ಕ್ಲಾಸಿನ ಗ್ರೂಪು ಮಾಡಿಕೊಳ್ಳುವುದುಂಟು. ಅದನ್ನು ಒಡೆಯಬೇಕಿಲ್ಲ. ಆದರೆ ಒಬ್ಬ ಮಗುವಿನ ಫೋಟೊಗೆ ಕೊಂಬು, ಬಾಲ ಹಚ್ಚಿ ಹತ್ತು ಜನ ನಗುವ ಸ್ಟಿಕ್ಕರ್ ಹುಟ್ಟುವುದು ಅಲ್ಲಿಯೇ. ವಾರಕ್ಕೊಮ್ಮೆ ಮಗುವಿನ ಜೊತೆ ಕೂತೇ ಅದನ್ನು ಓದಿ. ಕದ್ದು ಓದಿದರೆ ಒಂದು ದಿನ ಗೊತ್ತಾಗುತ್ತದೆ, ಆಮೇಲೆ ಮಗು ಅಳಿಸಿ ಕೊಡಲು ಕಲಿಯುತ್ತದೆ.

ಹಂತ 3: ಯೂಟ್ಯೂಬ್, ಅದರ ಜೊತೆಗೆ ಟಿವಿ

ಒಂಬತ್ತು ವರ್ಷದೊಳಗಿನವರಿಗೆ ಯೂಟ್ಯೂಬ್ ಬೇಡ, ‘ಯೂಟ್ಯೂಬ್ ಕಿಡ್ಸ್’ ಸಾಕು. ಅದರಲ್ಲಿ 4 ವರ್ಷದೊಳಗಿನವರಿಗೆ, 5ರಿಂದ 8, 9ರಿಂದ 12 ಎಂದು ಮೂರು ವಯೋಮಾನಗಳಿವೆ. ನಾನು ಹೇಳುವುದು ಇವು ಮೂರನ್ನೂ ಬಿಟ್ಟು ನಾಲ್ಕನೆಯದನ್ನು, ಅಂದರೆ ಪಾಲಕರೇ ಚಾನೆಲ್‌ಗಳನ್ನು ಆಯ್ದು ಕೊಡುವ ಆಯ್ಕೆಯನ್ನು ನೋಡಿ ಎಂದು. ಹತ್ತು-ಹದಿನೈದು ಚಾನೆಲ್ ಆರಿಸಿ, ಹುಡುಕುವ ಸೌಲಭ್ಯ ಮುಚ್ಚಿದರೆ ಮಗು ಅದರೊಳಗೇ ಇರುತ್ತದೆ. ಕನ್ನಡದ ಕಥೆ, ಹಾಡಿನ ಚಾನೆಲ್‌ಗಳನ್ನು ಸೇರಿಸಲು ಇದೇ ಸಮಯ. ಇಲ್ಲದಿದ್ದರೆ ಆ್ಯಪು ತಾನಾಗಿ ಕೊಡುವುದು ಹೆಚ್ಚಾಗಿ ಹಿಂದಿ, ಇಂಗ್ಲಿಷ್, ಆಮೇಲೆ ಅಜ್ಜಿ ಹತ್ತಿರ ಮಾತಾಡಲು ಮಗುವಿಗೆ ಕನ್ನಡ ಬರುವುದಿಲ್ಲ ಎಂದು ನಾವೇ ಕೊರಗುತ್ತೇವೆ. ಪಾಲಕರ ಭಾಗಕ್ಕೆ ಹೋಗಲು ಅದು ಗುಣಾಕಾರದ ಲೆಕ್ಕ ಕೇಳುತ್ತದೆ. ಮಗ್ಗಿ ಬಾಯಿಪಾಠ ಇರುವ ಮೂರನೇ ಕ್ಲಾಸಿನವರಿಗೆ ಅದೇನೂ ತಡೆಯಲ್ಲ, ಬದಲಿಗೆ ನಿಮ್ಮದೇ ಪಾಸ್‌ಕೋಡ್ ಇಡಿ. ಕಣ್ತಪ್ಪಿ ಬರುವ ಕೆಟ್ಟ ವಿಡಿಯೊ ಇಲ್ಲೂ ಇರುತ್ತದೆ. ಕಂಡದ್ದನ್ನು ಅಲ್ಲೇ ಬ್ಲಾಕ್ ಮಾಡಬಹುದು.

ನಿಮ್ಮ ಫೋನಿನ ಮಾಮೂಲಿ ಯೂಟ್ಯೂಬಿನಲ್ಲಿ ‘ರಿಸ್ಟ್ರಿಕ್ಟೆಡ್ ಮೋಡ್’ ಚಾಲೂ ಮಾಡಿ, ‘ಆಟೋಪ್ಲೇ’ ನಿಲ್ಲಿಸಿ. ಮೊದಲನೆಯದು ಪೂರ್ತಿ ಜರಡಿ ಹಿಡಿಯುವುದಿಲ್ಲ, ಆದರೂ ಬಹಳಷ್ಟು ಕಸ ನಿಲ್ಲುತ್ತದೆ.

ಎಲ್ಲರೂ ಮರೆಯುವುದು ಟಿವಿಯನ್ನು. ಫೋನಿಗೆ ಇಷ್ಟೆಲ್ಲ ಬೀಗ ಹಾಕಿದ ಮನೆಯಲ್ಲೇ ಸ್ಮಾರ್ಟ್ ಟಿವಿಯ ಯೂಟ್ಯೂಬ್ ಅಪ್ಪನ ಖಾತೆಯಲ್ಲಿ ತೆರೆದುಕೊಂಡಿರುತ್ತದೆ, ಅಪ್ಪ ರಾತ್ರಿ ನೋಡಿದ್ದರ ಮೇಲೆ ಮಗುವಿಗೆ ಮಧ್ಯಾಹ್ನದ ಶಿಫಾರಸು ಬರುತ್ತದೆ. ಅಜ್ಜಿಯ ಧಾರಾವಾಹಿ ಮುಗಿದ ತಕ್ಷಣ ರಿಮೋಟ್ ಯಾರ ಕೈಗೆ ಹೋಗುತ್ತದೆ ಎಂದು ನಿಮಗೇ ಗೊತ್ತು. ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲೂ ‘ರಿಸ್ಟ್ರಿಕ್ಟೆಡ್ ಮೋಡ್’ ಪ್ರತ್ಯೇಕವಾಗಿ ಹಾಕಬೇಕು, ಫೋನಿನಲ್ಲಿ ಹಾಕಿದ್ದು ಅಲ್ಲಿಗೆ ಬರುವುದಿಲ್ಲ. ಸಿನಿಮಾ ಆ್ಯಪುಗಳಲ್ಲಿ ‘ಕಿಡ್ಸ್’ ಪ್ರೊಫೈಲ್ ಮಾಡಿ, ದೊಡ್ಡವರ ಪ್ರೊಫೈಲ್‌ಗೆ ಪಿನ್ ಹಾಕಿ.

ಮನೆಗೆ ವೈಫೈ ಇದ್ದರೆ ಇನ್ನೊಂದು ಕೆಲಸವಿದೆ. ಕನೆಕ್ಷನ್ ಕೊಟ್ಟ ಕೇಬಲ್‌ವಾಲಾನನ್ನು ಕರೆದು, ರೌಟರಿನ ಡಿಎನ್ಎಸ್ (ತಾಣಗಳ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಲು ಹೇಳಿ. ಇದು ಕ್ಲೌಡ್‌ಫ್ಲೇರ್ ಕಂಪನಿಯ ಉಚಿತ ಸೇವೆ. ಅಶ್ಲೀಲ ತಾಣಗಳು, ವೈರಸ್ ಹಂಚುವ ತಾಣಗಳು ಮನೆಯ ವೈಫೈಯಲ್ಲಿ ತೆರೆಯದಂತೆ ತಡೆಯುತ್ತದೆ. ಐದು ನಿಮಿಷದ ಕೆಲಸ. ಮೊಬೈಲ್ ಡೇಟಾಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ.

ಹಂತ 4: ಹಳೇ ಫೋನು ಮಗುವಿಗೆ ಕೊಡುವುದಾದರೆ

ಹೊಸ ಫೋನು ತಗೊಂಡಾಗ ಹಳೆಯದು ಮಗುವಿನ ಪಾಲಾಗುವುದು ವಾಡಿಕೆ. ಕೊಡುವ ಮೊದಲು ಸಿಮ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ಮಗುವಿನ ಹೆಸರಲ್ಲಿ ಗೂಗಲ್ ಖಾತೆ ತೆರೆದು ‘ಫ್ಯಾಮಿಲಿ ಲಿಂಕ್’ ಮೂಲಕ ನಿಮ್ಮ ಫೋನಿಗೆ ಜೋಡಿಸಿ. ಹೊಸ ಆ್ಯಪಿಗೆ ನಿಮ್ಮ ಅನುಮತಿ, ದಿನಕ್ಕಿಷ್ಟು ಸಮಯ, ರಾತ್ರಿ ತಾನಾಗಿ ಬಂದ್ ಆಗುವ ಗಂಟೆ ಎಲ್ಲ ಅದರಲ್ಲಿ ಬರುತ್ತದೆ. ಕುರ್ಲಾದಲ್ಲಿ ಟ್ರೇನು ನಿಂತಿರುವಾಗಲೂ ಮನೆಯಲ್ಲಿರುವ ಆ ಫೋನನ್ನು ಲಾಕ್ ಮಾಡಬಹುದು.

ಖಾತೆ ತೆರೆಯುವಾಗ ಮಗುವಿನ ನಿಜವಾದ ಹುಟ್ಟಿದ ವರ್ಷವನ್ನೇ ಕೊಡಿ. ಆಟ ಬೇಗ ತೆರೆಯಲಿ ಎಂದು 2000ನೇ ಇಸವಿ ಹಾಕಿದರೆ ಆ ಕಂಪನಿಯ ಲೆಕ್ಕದಲ್ಲಿ ನಿಮ್ಮ ಏಳು ವರ್ಷದ ಮಗಳು ದೊಡ್ಡವಳು. ಜಾಹೀರಾತು, ಚಾಟು, ಶಿಫಾರಸು ಎಲ್ಲ ದೊಡ್ಡವರದ್ದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಸುಳ್ಳು ವಯಸ್ಸು ಕೊಟ್ಟರೆ ಆ ರಕ್ಷಣೆಯನ್ನು ನಾವೇ ಕೈಯಾರೆ ಬಿಟ್ಟುಕೊಟ್ಟ ಹಾಗೆ.

ಹಂತ 5: ಆಟದೊಳಗಿನ ಮಾತು

ಹೆಚ್ಚಿನ ಪಾಲಕರು ಆಟದಲ್ಲಿ ಬಂದೂಕು ಇದೆಯೇ, ರಕ್ತ ಇದೆಯೇ ಎಂದು ನೋಡುತ್ತಾರೆ. ನಾನು ಮೊದಲು ನೋಡುವುದು ಆಟದಲ್ಲಿ ಮಾತಾಡಲು ಬರುತ್ತದೆಯೇ ಎಂದು. ಲುಡೊದಂಥ ಸಾಧು ಆಟದಲ್ಲೂ ಚಾಟ್ ಇರುತ್ತದೆ. ರೋಬ್ಲಾಕ್ಸ್, ಮೈನ್‌ಕ್ರಾಫ್ಟ್, ಫ್ರೀ ಫೈರ್ ಮ್ಯಾಕ್ಸ್‌ಗಳಲ್ಲಂತೂ ಆಟದ ಅರ್ಧ ಮಜಾ ಮಾತಿನದ್ದೇ. ಆ ಮಾತು ಹೇಗೆ ಸಾಗುತ್ತದೆ ನೋಡಿ. ಮುಂಬೈಯಲ್ಲಿ ಇದು ಹಿಂದಿಯಲ್ಲೇ ನಡೆಯುತ್ತದೆ (ಡೈಮಂಡ್ ಅಂದರೆ ಆಟದೊಳಗಿನ ದುಡ್ಡು):

“ಭಾಯ್, ತೇರಾ ಗೇಮ್ ಮಸ್ತ್ ಹೈ.”
“ಕೌನ್ಸೀ ಕ್ಲಾಸ್ ಮೇ ಹೈ?”
“ಕಿಧರ್ ರಹತಾ ಹೈ? ಮೈ ಭೀ ಠಾಣೆ ಸೇ ಹೂಂ.”
“ಡೈಮಂಡ್ ಚಾಹಿಯೇ? ಗಿಫ್ಟ್ ಕರ್ ದೂಂಗಾ.”
“ಇಧರ್ ಮಜಾ ನಹೀಂ ಆತಾ, ವಾಟ್ಸ್‌ಆ್ಯಪ್ ಪೇ ಆ.”
“ಮಮ್ಮೀ ಕೋ ಮತ್ ಬೋಲ್ನಾ, ಗೇಮ್ ಬಂದ್ ಕರ್ ದೇಗೀ.”
“ಏಕ್ ಫೋಟೊ ಭೇಜ್ ನಾ.”

ಇದು ಒಂದೇ ದಿನದಲ್ಲಿ ಆಗುವುದಲ್ಲ, ವಾರಗಟ್ಟಲೆ ಹಿಡಿಯುತ್ತದೆ. ಹೊಗಳಿಕೆ, ಪರಿಚಯ, ಉಡುಗೊರೆ, ಬೇರೆ ಆ್ಯಪಿಗೆ ಕರೆಯುವುದು, ಗುಟ್ಟು, ಕೊನೆಗೆ ಫೋಟೊ. ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಅಪಾಯದ್ದು ಅನಿಸುವುದು ‘ಮಮ್ಮೀ ಕೋ ಮತ್ ಬೋಲ್ನಾ’ ಎಂಬ ಗುಟ್ಟಿನ ಮಾತು. ಅಮ್ಮನಿಗೆ ಹೇಳಿದರೆ ಆಟ ಬಂದ್ ಆಗುತ್ತದೆ ಎಂಬ ಹೆದರಿಕೆಯನ್ನು ಮಗುವಿನೊಳಗೆ ಆ ಮನುಷ್ಯ ತಂದು ಇಟ್ಟದ್ದಲ್ಲ. ಅದು ಮೊದಲೇ ಇತ್ತು, ಇಟ್ಟವರು ನಾವು. ಅವನು ಬರೀ ಬಳಸಿಕೊಂಡ. ಆದ್ದರಿಂದ ಮನೆಯಲ್ಲಿ ಒಂದು ಕರಾರು ಮಾಡಿ, ಮಗುವಿನ ಎದುರು ಬಾಯಿಬಿಟ್ಟು ಹೇಳಿ: ಏನೇ ಆದರೂ ನೀನು ಬಂದು ಹೇಳಿದರೆ ಫೋನು ಕಿತ್ತುಕೊಳ್ಳುವುದಿಲ್ಲ, ಬೈಯುವುದಿಲ್ಲ. ಹೇಳಿದ ಮಾತು ಉಳಿಸಿಕೊಳ್ಳುವುದು ಮಗು ನಿಜಕ್ಕೂ ಬಂದು ಹೇಳಿದ ದಿನ ಕಷ್ಟ. ಆದರೂ ಉಳಿಸಿಕೊಳ್ಳಿ.

ಉಪದೇಶ ಮಾಡಿದರೆ ಎಂಟು ವರ್ಷದವರಿಗೆ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ. ಊಟಕ್ಕೆ ಕೂತಾಗ ಆಟದ ಥರ ಕೇಳಿ:

“ಗೇಮಲ್ಲಿ ಒಬ್ಬ ಯಾವ ಶಾಲೆ ಅಂತ ಕೇಳಿದ ಅಂತಿಟ್ಟುಕೋ. ಏನಂತೀಯ ಪುಟ್ಟಾ?”
“ಹೇಳಲ್ಲ.”
“ಡೈಮಂಡ್ ಕೊಡ್ತೀನಿ ಅಂದ್ರೆ?”
“ಎಷ್ಟು ಡೈಮಂಡ್?”

ನಗು ಬರುತ್ತದೆ, ಆದರೆ ಪಾಠ ಎಲ್ಲಿಂದ ಶುರುಮಾಡಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಪೂರ್ತಿ ಹೆಸರು, ಶಾಲೆ, ಬಿಲ್ಡಿಂಗ್, ಫೋನ್ ನಂಬರು, ಫೋಟೊ: ಈ ಐದು ಯಾರಿಗೂ ಇಲ್ಲ, ಎಷ್ಟು ಡೈಮಂಡ್ ಕೊಟ್ಟರೂ ಇಲ್ಲ. ಗುಟ್ಟಾಗಿಡು ಎಂದು ದೊಡ್ಡವರು ಯಾರೇ ಹೇಳಿದರೂ, ಗುರುತಿನವರೇ ಆಗಿರಲಿ, ಅದನ್ನು ಮೊದಲು ಮನೆಯಲ್ಲಿ ಹೇಳಬೇಕು. ಬಟ್ಟೆ ಇಲ್ಲದ ಫೋಟೊ ಯಾರು ಕೇಳಿದರೂ ತಪ್ಪು ಕೇಳಿದವರದ್ದು.

ಸೆಟ್ಟಿಂಗ್ಸ್ ಮಾತಿಗೆ ಬಂದರೆ, ಪ್ರತಿ ಆಟದಲ್ಲೂ ಚಾಟ್ ಮತ್ತು ಮೈಕ್ ಬಂದ್ ಮಾಡಿ. ಬಂದ್ ಮಾಡಲು ಬಾರದ ಆಟ ಹತ್ತು ವರ್ಷದೊಳಗಿನವರಿಗೆ ಬೇಡವೇ ಬೇಡ. ‘ಫ್ರೀ ಡೈಮಂಡ್’ ಎಂದು ಬರುವ ಲಿಂಕುಗಳು ಖಾತೆ ಕದಿಯುವ ಗಾಳ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅಂಥದ್ದೊಂದು ಫೋನಿನಲ್ಲಿ ಕಂಡರೆ ಅದು ಪ್ಲೇ ಸ್ಟೋರಿನ ಹೊರಗಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು, ಬಿಲ್ಡಿಂಗಿನ ದೊಡ್ಡ ಹುಡುಗರು ಯಾರಾದರೂ ಹಾಕಿಕೊಟ್ಟರೇ ಎಂದು ವಿಚಾರಿಸಿ.

ಹಂತ 6: ನೀವಿಲ್ಲದ ಮಧ್ಯಾಹ್ನ

ಹಾಲ್‌ನಲ್ಲೇ ಕೂತು ಫೋನು ನೋಡಬೇಕು ಎಂಬ ನಿಯಮ ನಮ್ಮ ಮನೆಗಳಿಗೆ ತಮಾಷೆ, ಇರುವುದೇ ಒಂದು ಹಾಲ್. ಇಲ್ಲಿನ ನಿಜವಾದ ಗೋಡೆ ಇಯರ್‌ಫೋನು. ಮಗು ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದರೂ ಏನು ಕೇಳುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಪ್ರೈಮರಿ ಮಕ್ಕಳಿಗೆ ಮನೆಯಲ್ಲಿ ಇಯರ್‌ಫೋನ್ ಇಲ್ಲ, ಸದ್ದು ಸಣ್ಣಗಿಟ್ಟು ಕೇಳಬೇಕು. ನಮ್ಮ ಮನೆಗಳಿಗೆ ಒಂದೇ ಒಂದು ನಿಯಮ ಸಾಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ಶಾಲೆಯಿಂದ ಬಂದ ಮೇಲೆ ಮಗು ಇರುವುದು ಅಜ್ಜಿಯ ಜೊತೆ, ಅಥವಾ ಪಕ್ಕದ ಮನೆಯ ಆಂಟಿಯ ಜೊತೆ. ಊರಿಂದ ಬಂದ ಅಜ್ಜಿಗೆ ಹಿಂದಿ, ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ಅವರನ್ನು ಲೆಕ್ಕದಿಂದ ಬಿಡಬೇಡಿ. ಭಾಷೆ ಬಾರದಿದ್ದರೂ ಮಗುವಿನ ಮುಖ ಓದಲು ಅವರಿಗೆ ಯಾರೂ ಕಲಿಸಬೇಕಿಲ್ಲ. ಹತ್ತಿರ ಹೋದರೆ ಪರದೆ ತಿರುಗಿಸುವುದು, ಅಪರಿಚಿತ ಗಂಡಸಿನ ದನಿ, ಆಟ ನಿಲ್ಲಿಸಿದ ಮೇಲೆ ಊಟ ಬಿಟ್ಟು ಮಂಕಾಗಿ ಕೂರುವುದು, ಇವು ಕಂಡರೆ ಫೋನು ಮಾಡಿ ಎಂದು ಹೇಳಿಡಿ. ವೈಫೈ ರೌಟರಿನ ಸ್ವಿಚ್ಚು ಎಲ್ಲಿದೆ ಎಂದೂ ತೋರಿಸಿ. ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 5ರಿಂದ 10 ವರ್ಷದವರಿಗೆ ದಿನಕ್ಕೆ ಎರಡು ಗಂಟೆಯೊಳಗೆ ಪರದೆ ಎನ್ನುತ್ತದೆ. ಟಿವಿ, ಫೋನು ಎರಡೂ ಕೂಡಿ.

ಹಂತ 7: ನಾವು ಹಾಕುವ ಫೋಟೊ

ಮಗುವಿಗೆ ಇಷ್ಟೆಲ್ಲ ಹೇಳಿ, ಜೂನ್‌ನಲ್ಲಿ ಶಾಲೆಯ ಗೇಟಿನ ಮುಂದೆ ಯೂನಿಫಾರ್ಮ್, ಐಡಿ ಕಾರ್ಡ್ ಸಮೇತ ನಿಲ್ಲಿಸಿ ಸ್ಟೇಟಸ್ ಹಾಕುವವರು ನಾವೇ. ಮಾಟುಂಗಾದಲ್ಲೋ ಗೋರೆಗಾಂವ್‌ನಲ್ಲೋ ಕನ್ನಡ ಸಂಘದ ವಾರ್ಷಿಕೋತ್ಸವ ಆದ ಮರುದಿನ ಮಕ್ಕಳ ನೃತ್ಯದ ಚಿತ್ರ ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವಂತೆ ಬರುತ್ತದೆ, ಕೆಳಗೆ ಮಗುವಿನ ಹೆಸರು, ತಂದೆಯ ಹೆಸರು, ಊರು, ಈಗಿನ ವಾಸ. ಪ್ರೀತಿಯಿಂದ ಹಾಕಿದ್ದೇ ಇರಬಹುದು. ಆದರೆ ಗುರುತಿಲ್ಲದವನೊಬ್ಬ “ನಿಮ್ಮಪ್ಪನ ಫ್ರೆಂಡ್ ನಾನು” ಎನ್ನಲು ಇದಕ್ಕಿಂತ ಹೆಚ್ಚಿನ ಮಾಹಿತಿ ಬೇಡ, ಬರೀ ಮುಖದ ಚಿತ್ರದಿಂದ ಕೆಟ್ಟ ನಕಲಿ ಚಿತ್ರ ಮಾಡುವ ಆ್ಯಪುಗಳೂ ಈಗ ಇವೆ. ಸಂಘದ ಕಾರ್ಯದರ್ಶಿಗಳಿಗೆ ಹೇಳಿ: ಗುಂಪಿನ ಚಿತ್ರ ಸಾಕು, ಒಬ್ಬೊಬ್ಬರ ಹೆಸರು ಬೇಡ, ಪೇಜ್ ಬದಲು ಸದಸ್ಯರ ಗ್ರೂಪಿನಲ್ಲಿ ಹಾಕಿ. ಹೇಳಿದರೆ ಕೇಳುತ್ತಾರೆ, ಹೇಳುವವರು ಕಡಿಮೆ.

ಹಂತ 8: ಮೇ ರಜೆ

ಊರಿಗೆ ಹೋಗುವಾಗ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ರತ್ನಾಗಿರಿ ಕಡೆಯ ಸುರಂಗಗಳಲ್ಲಿ ನೆಟ್‌ವರ್ಕ್ ಹೋಗುತ್ತದೆ, ಅಷ್ಟೇ ನೆಮ್ಮದಿ. ಊರಲ್ಲಿ ಮಾವನ ಮಕ್ಕಳ ಫೋನಿಗೆ ಯಾವ ಬೀಗವೂ ಇರುವುದಿಲ್ಲ. ಅಲ್ಲಿಯ ಹಿರಿಯರಿಗೆ ಸಣ್ಣ ಮಕ್ಕಳ ಕೈಗೆ ರಾತ್ರಿ ಫೋನು ಬೇಡ ಎಂದು ಮೊದಲೇ ತಿಳಿಸಿ. ಹಂತ 5ರ ಐದು ವಿಷಯದ ಪಟ್ಟಿ ಮಗುವಿಗೆ ಬಾಯಿಪಾಠ ಇದ್ದರೆ ಉಳಿದದ್ದು ನಡೆಯುತ್ತದೆ.

ಹಂತ 9: ಏನಾದರೂ ಆಗಿಹೋದರೆ

ಮಗು ಬಂದು ಹೇಳಿದ ತಕ್ಷಣ ನಿಮ್ಮ ಬಾಯಿಂದ ಬರಬೇಕಾದ್ದು “ಹೇಳಿದ್ದು ಒಳ್ಳೇದಾಯ್ತು” ಎಂಬ ಮಾತು. ಯಾಕೆ, ಹೇಗೆ, ಯಾವಾಗ ಎಲ್ಲ ಆಮೇಲೆ. ನೋಡಬಾರದ್ದನ್ನು ನೋಡಿದ್ದಷ್ಟೇ ಆಗಿದ್ದರೆ, ಅದು ನಿನ್ನ ತಪ್ಪಲ್ಲ ಎಂದು ಹೇಳಿ, ಪ್ರಶ್ನೆ ಕೇಳಿದರೆ ಸರಳವಾಗಿ ಉತ್ತರಿಸಿ, ಆ ತಾಣ ಮುಚ್ಚಿ. ಅಲ್ಲಿಗೆ ಮುಗಿಯಿತು.

ಯಾರೋ ಹಿಂದೆ ಬಿದ್ದಿದ್ದರೆ, ಬೆದರಿಸುತ್ತಿದ್ದರೆ, ಕೋಪದಲ್ಲಿ ಚಾಟ್ ಅಳಿಸಬೇಡಿ, ಆ ಮನುಷ್ಯನಿಗೆ ನೀವೇ ಬೈದು ಉತ್ತರ ಕೊಡಬೇಡಿ. ಖಾತೆಯ ಹೆಸರು, ನಂಬರು, ತಾರೀಕು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಬ್ಲಾಕ್ ಮಾಡಿ. ಮಗುವಿನ ನಗ್ನ ಚಿತ್ರ ಸೇರಿಕೊಂಡಿದ್ದರೆ ಅದನ್ನು ಸಾಕ್ಷಿಗೆಂದು ಸಂಬಂಧಿಕರಿಗೆ, ವಕೀಲರಿಗೆ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಅಂಥ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಫೋನನ್ನೇ ಪೊಲೀಸರಿಗೆ ತೋರಿಸಿ.

ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಉಳಿದ ದೂರುಗಳಿಗೆ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಎಂಬ ಕೇಂದ್ರ ಸರ್ಕಾರದ ಪೋರ್ಟಲ್ ಇದೆ. ಮಹಿಳೆಯರು ಮತ್ತು ಮಕ್ಕಳ ಮೇಲಿನ ಲೈಂಗಿಕ ವಿಷಯದ ದೂರನ್ನು ಅಲ್ಲಿ ಹೆಸರು ಹೇಳದೆಯೂ ಕೊಡಬಹುದು. ಮಕ್ಕಳ ಸಹಾಯವಾಣಿ 1098. ಮುಂಬೈ ಪೊಲೀಸರದ್ದೇ ಆದ 103 ಮಹಿಳೆಯರು, ಮಕ್ಕಳು, ಹಿರಿಯರಿಗೆಂದು ಇರುವ ನಂಬರು.

ಇಲ್ಲಿನ ಕನ್ನಡದವರು ಎಷ್ಟೋ ಸಲ ಸ್ಟೇಷನ್ ಮೆಟ್ಟಿಲು ಹತ್ತದಿರುವುದು ಎರಡು ಕಾರಣಕ್ಕೆ: ಮರಾಠಿ ಸರಿಯಾಗಿ ಬರುವುದಿಲ್ಲ, ಮಗುವಿನ ಹೆಸರು ಹೊರಗೆ ಬಿದ್ದರೆ ಊರಲ್ಲಿ ಏನಂದಾರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಲ್ಲಿ ಎರಡಕ್ಕೂ ಉತ್ತರವಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಬೇಕಾದ ಜಾಗದಲ್ಲಿ ಪಡೆಯಬೇಕು, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಪೊಲೀಸರು ಯೂನಿಫಾರ್ಮ್‌ನಲ್ಲಿ ಇರಬಾರದು. ಮಗುವಿನ ನಂಬಿಕೆಯ ಒಬ್ಬರು ಜೊತೆಗಿರಬೇಕು. ಅಗತ್ಯವಿದ್ದರೆ ಅನುವಾದಕರ ನೆರವು ಪಡೆಯಬಹುದು, ಅಂದರೆ ಕನ್ನಡದಲ್ಲೋ ತುಳುವಿನಲ್ಲೋ ಮಗು ಹೇಳಿದ್ದನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಮಾಡಿ ಎಂದು ಕೇಳಲು ನಿಮಗೆ ಕಾನೂನಿನ ಬೆಂಬಲವಿದೆ. ಗುರುತು ಬಯಲಾಗುವಂಥದ್ದನ್ನು ಮಾಧ್ಯಮದವರು ಪ್ರಕಟಿಸುವಂತಿಲ್ಲ. ಘಟನೆ ನಡೆದದ್ದು ರಜೆಯಲ್ಲಿ ಊರಲ್ಲಿದ್ದಾಗ, ಈಗ ನೀವು ಮುಂಬೈಯಲ್ಲಿ ಎಂದರೂ ತೊಂದರೆಯಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲೂ ದೂರು ದಾಖಲಿಸಬಹುದು. ನಮ್ಮ ಹದ್ದಿನಲ್ಲಿ ಬರುವುದಿಲ್ಲ ಎಂದರೆ ‘ಝೀರೊ ಎಫ್‌ಐಆರ್’ ಎಂದು ಕೇಳಿ, ಪ್ರತಿಯನ್ನು ಉಚಿತವಾಗಿ ಪಡೆದುಕೊಂಡೇ ಹೊರಗೆ ಬನ್ನಿ.